ಗೆರೆ ಮೂಡದ ಎರಡು ವರ್ಷ

ನಾನು ಆಗ ಒಂದು ಕನ್ನಡ ದಿನಪತ್ರಿಕೆಗೆ ಗೋಕಾಕದಿಂದ ವರದಿ ಮಾಡುತ್ತಿದ್ದೆ. ಮೂಡಲಗಿ, ಹುಕ್ಕೇರಿಗಳೂ ನನ್ನ ಪಾಲಿಗೇ ಬಂದಿದ್ದವು. ಕಾಲುವೆಗೆ ನೀರು ಬಿಟ್ಟದ್ದು, ಸಭೆಯಲ್ಲಿ ಸದಸ್ಯರು ಕುರ್ಚಿ ಎತ್ತಿದ್ದು, ಹೆದ್ದಾರಿಯಲ್ಲಿ ಲಾರಿ ಮಗುಚಿದ್ದು ಇಂಥವನ್ನು ಯಾರು, ಎಲ್ಲಿ, ಯಾವಾಗ ಎಂದು ಬರೆದು ಕಳಿಸುವುದು ನನ್ನ ಕೆಲಸ. ಹೆಂಡತಿಯ ಸಂಶೋಧನೆಯ ಬಗ್ಗೆ ಒಂದು ಸಾಲನ್ನೂ ನಾನು ಪತ್ರಿಕೆಗೆ ಬರೆದಿಲ್ಲ. ಮನೆಯವರ ಸುದ್ದಿ ಮುಟ್ಟಬಾರದು ಎಂಬುದು ಸುದ್ದಿ ತಿದ್ದುವ ಡೆಸ್ಕಿನವರ ನಿಯಮವಾಗಿತ್ತು. ಈಗ ನನ್ನನ್ನು ಕೇಳುವ ಡೆಸ್ಕ್ ಇಲ್ಲ. ಕಂಡದ್ದನ್ನು ಕಂಡಂತೆ, ಕೇಳಿದ್ದನ್ನು ಕೇಳಿದ್ದೆಂದೇ ಹೇಳಿ ಬರೆಯುತ್ತೇನೆ.

ಅವಳು ಗೋಕಾಕದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಳು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಪಿಎಚ್.ಡಿ. ಮಾಡಲು ಮೂರು ವರ್ಷದ ರಜೆ ಸಿಕ್ಕಿತು. ಪ್ರಯೋಗಾಲಯ ಇದ್ದದ್ದು ಬೆಳಗಾವಿಯಲ್ಲಿ. ಅವಳ ತವರು ಯಮಕನಮರಡಿ, ಹೆದ್ದಾರಿಯ ಮೇಲೆಯೇ ಇರುವ ಊರು. ಬೆಳಗಾವಿಯ ಬಸ್ಸಿಗೆ ಕಾಯಬೇಕಾಗಿರಲಿಲ್ಲ. ಹಾಗಾಗಿ ವಾರವಿಡೀ ತಾಯಿಯ ಹತ್ತಿರ ಇರುವುದು, ಶನಿವಾರ ಅವಳು ಗೋಕಾಕಕ್ಕೆ ಬರುವುದು ಇಲ್ಲವೇ ನಾನೇ ಅಲ್ಲಿಗೆ ಹೋಗುವುದು ಎಂದು ಗೊತ್ತುಮಾಡಿಕೊಂಡೆವು. ರಜೆ ಮುಗಿಯುವುದರೊಳಗೆ ಅನುಮಾನಕ್ಕೆ ಎಡೆಯಿಲ್ಲದ ಒಂದಾದರೂ ಫಲಿತಾಂಶ ಸಿಗಬೇಕು, ಇಲ್ಲದಿದ್ದರೆ ನೋಂದಣಿ ಮುಂದುವರಿಸುವುದಿಲ್ಲ ಎಂದು ಅವಳ ಮಾರ್ಗದರ್ಶಕರು ಮೊದಲ ದಿನವೇ ಹೇಳಿದ್ದರು. ಅವರು ನಿಷ್ಠುರದ ಮನುಷ್ಯ, ಆದರೆ ಕೆಟ್ಟವರಲ್ಲ. ಮೊದಲ ವರ್ಷ ಕೆಲಸ ಕಲಿಯುವುದರಲ್ಲಿ ಹೋಯಿತು. ನಾನು ಬರೆಯುತ್ತಿರುವುದು ಉಳಿದೆರಡು ವರ್ಷದ ಬಗ್ಗೆ.

ಅವಳ ವಿಷಯವನ್ನು ನಾನು ಅರ್ಥಮಾಡಿಕೊಂಡದ್ದು ಅತ್ತೆಯ ಮೂಲಕ. ಒಂದು ಭಾನುವಾರ ಯಮಕನಮರಡಿಯ ಮನೆಯ ಪಡಸಾಲೆಯಲ್ಲಿ ಅತ್ತೆ ಜೋಳ ಹಸನು ಮಾಡುತ್ತ ಮಗಳನ್ನು ಕೇಳಿದರು. ಆ ಮನೆಯಲ್ಲಿ ಮರಾಠಿಯೂ ನಡೆಯುತ್ತಿತ್ತಾದ್ದರಿಂದ ಎಲ್ಲರೂ ಅವರನ್ನು ಆಯಿ ಎನ್ನುತ್ತಿದ್ದರು, ನಾನೂ.

"ದಿನಾ ಬಸ್ಸ ಹತ್ತಿ ಹೋಗ್ತಿ, ದಿನಾ ಮಾರಿ ಸಣ್ಣ ಮಾಡ್ಕೊಂಡ ಬರ್ತಿ. ಏನ್ ಹುಡುಕಾಕತ್ತಿ ಅಲ್ಲೆ?"

ಅವಳು ಹೇಳಿದಳು: ಒಂದು ಜೀವಕೋಶ ಎರಡಾಗುವ ಮುಂಚೆ ಒಳಗೇ ಒಂದು ತಪಾಸಣೆ ನಡೆಯುತ್ತದೆ. ವಂಶದ ವಿವರ ಹೊತ್ತ ಡಿಎನ್‌ಎ ಎಲ್ಲಾದರೂ ಹರಿದಿದ್ದರೆ, ಅದು ದುರಸ್ತಿಯಾಗುವವರೆಗೆ ಕೋಶ ಮುಂದೆ ಹೋಗಬಾರದು. ತಡೆಯಲು ಒಂದು ಪ್ರೋಟೀನು ಇದೆ. ಅದು ಯಾವಾಗಲೂ ಅಲ್ಲೇ ಇರುತ್ತದೆ, ಆದರೆ ಸುಮ್ಮನಿರುತ್ತದೆ. ಪೆಟ್ಟು ಬಿದ್ದ ಸುದ್ದಿ ಬಂದ ಕೂಡಲೇ ಅದರ ಮೈಮೇಲೆ ಗೊತ್ತಾದ ಒಂದೇ ಜಾಗದಲ್ಲಿ ಒಂದು ಫಾಸ್ಫೇಟು ಬಂದು ಕೂರುತ್ತದೆ. ಅದು ಕೂತ ಮೇಲೆಯೇ ಈ ಪ್ರೋಟೀನು ಎದ್ದು ತಡೆಯುವುದು.

ಆಯಿ ಕಲ್ಲು ಆರಿಸುವುದನ್ನು ನಿಲ್ಲಿಸಲಿಲ್ಲ. "ಅಂದ್ರ ಪೊಲೀಸ ನಾಕಾದಾಗ ಸುಮ್ನ ಕುಂತಿರ್ತಾನ. ಟೊಪಗಿ ಹಾಕ್ಕೊಂಡ್ನಂದ್ರ ಗಾಡಿ ನಿಂದರಿಸ್ತಾನ."

"ಹೂಂ ಆಯಿ. ಆ ಟೊಪಗಿ ಐತೋ ಇಲ್ಲೋ ನೋಡೂದ ನನ್ನ ಕೆಲಸ."

"ಟೊಪಗಿ ನೋಡಾಕ ಮೂರ ವರ್ಷಾ?"

ನಾನು ನಕ್ಕೆ. ಅವಳು ನಗಲಿಲ್ಲ.

ನೋಡುವ ವಿಧಾನ ಹೀಗೆ. ಕೋಶಗಳನ್ನು ಒಡೆದು, ಒಳಗಿನ ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಸಾಲಾಗಿ ಬಿಡಿಸಿ, ಒಂದು ಬಿಳಿ ಪೊರೆಯ ಮೇಲೆ ಇಳಿಸುತ್ತಾರೆ. ಅದರ ಮೇಲೆ ಪ್ರತಿಕಾಯ ಸುರಿಯುತ್ತಾರೆ. ಪ್ರತಿಕಾಯವೆಂದರೆ ಒಂದೇ ಗುರುತಿಗೆ ಅಂಟುವ ಪ್ರೋಟೀನು. ಅವಳ ಹತ್ತಿರ ಇದ್ದದ್ದು ಟೊಪ್ಪಿಗೆ ಹಾಕಿದ ಪೊಲೀಸನಿಗೆ ಮಾತ್ರ ಅಂಟುವಂಥದ್ದು. ಅಂಟಿದಲ್ಲಿ ಬೆಳಕು ಹೊಮ್ಮುವಂತೆ ಮಾಡಿ, ಕತ್ತಲೆ ಕೋಣೆಯಲ್ಲಿ ಎಕ್ಸ್‌ರೇ ಫಿಲ್ಮು ಒತ್ತಿದರೆ ಆ ಜಾಗದಲ್ಲಿ ಒಂದು ಕಪ್ಪು ಗೆರೆ ಮೂಡಬೇಕು. ಪೊರೆಯ ಮೇಲೆ ಪಕ್ಕಪಕ್ಕದ ಮೂರು ಮನೆಗಳಲ್ಲಿ ಮೂರು ಬಗೆಯ ಕೋಶದ ರಸ: ಮೊದಲನೆಯದು ಏನೂ ಮಾಡದ್ದು, ಎರಡನೆಯದು ನೇರಳಾತೀತ ಬೆಳಕಿನಿಂದ ಪೆಟ್ಟು ತಿಂದದ್ದು, ಮೂರನೆಯದು ಪೆಟ್ಟು ತಿಂದ ಮೇಲೆ ಕಿಣ್ವ ಹಾಕಿ ಫಾಸ್ಫೇಟು ಕಿತ್ತದ್ದು. ಗೆರೆ ನಡುವಿನ ಮನೆಯಲ್ಲಿ ಮಾತ್ರ ಬರಬೇಕು. ಹಾಗೆ ಬಂದರೆ ಮಾತ್ರ ನಂಬಬಹುದು.

ಬರುತ್ತಿರಲಿಲ್ಲ. ಫಿಲ್ಮು ಪೂರ್ತಿ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು, ಹೊಗೆ ಹಿಡಿದ ಗಾಜಿನಂತೆ. ಅದರೊಳಗೆ ಗೆರೆ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಮಾರ್ಗದರ್ಶಕರು ಒಂದು ಫಿಲ್ಮನ್ನು ಕಿಟಕಿಗೆ ಹಿಡಿದು, "ತಂಗಿ, ಇದೇನ್ ಪ್ರಯೋಗದ ಫಿಲ್ಮೋ, ಮೋಡದ ಫೋಟೋನೋ?" ಎಂದರಂತೆ. ಇದನ್ನು ಅವಳೇ ನನಗೆ ಹೇಳಿದಳು, ಅವರ ದನಿಯಲ್ಲೇ.

ಅವಳು ಎಲ್ಲವನ್ನೂ ಬದಲಿಸಿ ನೋಡಿದಳು. ಪ್ರತಿಕಾಯ ಕಡಿಮೆ ಮಾಡಿದಳು, ತೊಳೆಯುವ ಸಲ ಹೆಚ್ಚಿಸಿದಳು, ಫಿಲ್ಮು ಒತ್ತುವ ಸಮಯ ಅರ್ಧ ಮಾಡಿದಳು. ಒಂದು ಪ್ರಯೋಗಕ್ಕೆ ಮೂರು ದಿನ. ವಾರಕ್ಕೆ ಎರಡು ಎಂದರೆ ಹೆಚ್ಚು. ಅದರ ನಡುವೆ ಬಸ್ಸು. ಅವರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಜೈನರ ಮನೆಗಳಲ್ಲಿ ಇದು ಸಾಮಾನ್ಯ. ಚಳಿಗಾಲದಲ್ಲಿ ಬೆಳಗಾವಿಯ ಬಸ್ಸು ತಡವಾದರೆ ಅವಳು ಯಮಕನಮರಡಿಯಲ್ಲಿ ಇಳಿಯುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಹೊತ್ತು ಮುಳುಗುವ ಮುಂಚೆ ಬೆಳಗಾವಿಯ ಬಸ್ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಡಬ್ಬಿಯಲ್ಲಿ ಉಳಿದ ರೊಟ್ಟಿ ತಿಂದದ್ದೇ ಅಂದಿನ ರಾತ್ರಿಯೂಟ. ಡಬ್ಬಿ ಖಾಲಿಯಿದ್ದ ದಿನ ಅದೂ ಇಲ್ಲ. ಎರಡು ವರ್ಷದಲ್ಲಿ ಅವಳ ಬಳೆಗಳು ಮೊಣಕೈಯವರೆಗೆ ಜಾರತೊಡಗಿದವು.

ಶನಿವಾರ ನಾನು ಎಲ್ಲಿದ್ದರೂ ಯಮಕನಮರಡಿಯ ಮನೆಗೆ ಫೋನು ಮಾಡುತ್ತಿದ್ದೆ. ಕೊನೆಯ ವರ್ಷದ ಒಂದು ಶನಿವಾರ ಮೂಡಲಗಿಯಲ್ಲಿ ದನದ ಪೇಟೆಯ ಗಲಾಟೆಯೊಂದರ ಸುದ್ದಿಗೆ ಹೋಗಿದ್ದೆ. ಎಸ್‌ಟಿಡಿ ಬೂತಿನ ಗಾಜಿನ ಬಾಗಿಲು ಎಳೆದುಕೊಂಡು ನಂಬರು ಒತ್ತಿದರೆ ಅವಳೇ ಎತ್ತಿದಳು.

"ಬಂತ್ರಿ!"

"ಏನ್ ಬಂತು?"

"ಗೆರಿ! ಗೆರಿ ಬಂತು. ಕರ್ರಗ ಬಂದೈತಿ."

ಬೂತಿನವನು ಗಾಜು ತಟ್ಟಿ, ಹೊರಗೆ ಕಾದವರನ್ನು ತೋರಿಸಿದ. ನಾನು ಫೋನಿಟ್ಟು ಸಿಕ್ಕ ಬಸ್ಸು ಹತ್ತಿದೆ. ಅವಳ ದನಿಯಲ್ಲಿ ಹಾಗೊಂದು ಏರು ಕೇಳಿ ಬಹಳ ದಿನವಾಗಿತ್ತು.

ಮರುದಿನ ಬೆಳಿಗ್ಗೆ ಅಂಗಳದ ಬಿಸಿಲಿಗೆ ಫಿಲ್ಮು ಹಿಡಿದು ತೋರಿಸಿದಳು. ಬೂದಿ ಬಣ್ಣ ಮೊದಲಿನಷ್ಟು ಇರಲಿಲ್ಲ. ನಡುವಿನ ಮನೆಯಲ್ಲಿ ಒಂದು ಕಪ್ಪು ಗೆರೆ ನಿಜವಾಗಿಯೂ ಇತ್ತು. ನಾನು ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಕೇಳಬಾರದಿತ್ತೇನೋ, ಆದರೆ ಒಬ್ಬರ ಮಾತಿನ ಮೇಲೆ ಸುದ್ದಿ ಬರೆಯಬಾರದೆಂದು ಹದಿನೈದು ವರ್ಷ ಹೇಳಿಸಿಕೊಂಡವನು ನಾನು.

"ಏನೂ ಮಾಡಲಾರದ ಕೋಶದ ಮನ್ಯಾಗೂ ಐತಲ್ಲ?"

"ಅಲ್ಲೆ ತೆಳ್ಳಗ ಐತಿ."

"ಮೂರನೇದ್ರಾಗ?"

ಅವಳು ಫಿಲ್ಮು ಕೆಳಗಿಳಿಸಿದಳು. "ಒಂದ ದಿನಾನಾದ್ರೂ ಖುಷಿಲೆ ಇರಾಕ ಬಿಡ್ರಿ ಅಂದ್ರ ಬಿಡಲಿಲ್ಲ ನೀವು," ಎಂದಳು. ಅವಳು ಹಾಗೆ ಕೇಳಿರಲಿಲ್ಲ. ಕೇಳಿದ್ದರೆ ಬಹುಶಃ ಬಿಡುತ್ತಿದ್ದೆ. ಮೂರೂ ಮನೆಯಲ್ಲಿ ಗೆರೆ ಬಂದಿದೆ ಎಂದರೆ ಆ ಪ್ರತಿಕಾಯ ಬೇರೆ ಏನನ್ನೋ ಹಿಡಿದಿದೆ ಎಂದರ್ಥ. ಇಡೀ ಬೆಳಿಗ್ಗೆ ಅವಳು ಹಿತ್ತಲಲ್ಲಿ ಬಟ್ಟೆ ಒಗೆದಳು. ಒಗೆದ ಬಟ್ಟೆಗಳಲ್ಲಿ ಕೆಲವು ಹಿಂದಿನ ದಿನವೇ ಒಗೆದಂಥವು.

ರಜೆ ಮುಗಿಯಲು ಎರಡು ತಿಂಗಳು ಉಳಿದಿತ್ತು. ಸಂಜೆ ನಾನು ಒಂದು ಸಲಹೆ ಕೊಟ್ಟೆ. ಪತ್ರಿಕೆಯಲ್ಲಿ ಕರಡು ತಿದ್ದುವಾಗ ಒಬ್ಬ ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಾನೆ, ಇನ್ನೊಬ್ಬ ಅಚ್ಚಿನ ಪ್ರತಿಯ ಮೇಲೆ ಬೆರಳಿಟ್ಟು ಸಾಗುತ್ತಾನೆ. ಒಬ್ಬನೇ ಎಷ್ಟು ಸಲ ಓದಿದರೂ ಕಾಣದ ತಪ್ಪು ಹಾಗೆ ಓದಿದಾಗ ಕಾಣುತ್ತದೆ. ಪ್ರತಿಕಾಯದ ಶೀಶೆಯ ಜೊತೆ ಬಂದ ಕಾಗದವನ್ನು ನಾನು ಓದುತ್ತೇನೆ, ನೀನು ನಿನ್ನ ನೋಟ್‌ಬುಕ್ಕಿನ ಮೇಲೆ ಬೆರಳಿಡು ಎಂದೆ. ಅವಳು ಬೇಸರದಿಂದಲೇ ಕೂತಳು.

ಓದುತ್ತ ಹೋದೆ. ಇಷ್ಟು ನಿಮಿಷ, ಇಷ್ಟು ಉಪ್ಪು. ಅವಳು ಹೂಂ, ಹೂಂ ಎನ್ನುತ್ತಿದ್ದಳು. ಪೊರೆಯ ಖಾಲಿ ಜಾಗ ತುಂಬುವ ಹಂತ ಬಂತು. ಪ್ರತಿಕಾಯ ಸುರಿಯುವ ಮುಂಚೆ ಪೊರೆಯನ್ನು ಬೇರೊಂದು ಪ್ರೋಟೀನಿನ ನೀರಿನಲ್ಲಿ ಅದ್ದಿಡಬೇಕು. ಖಾಲಿ ಜಾಗಗಳನ್ನೆಲ್ಲ ಅದು ತುಂಬಿಬಿಟ್ಟರೆ ಪ್ರತಿಕಾಯ ಸಿಕ್ಕಲ್ಲಿ ಅಂಟುವುದಿಲ್ಲ. ಕಾಗದ ಆ ಪ್ರೋಟೀನಿನ ಹೆಸರು ಹೇಳಿತ್ತು: ದನದ ರಕ್ತದಿಂದ ತೆಗೆದ ಆಲ್ಬುಮಿನ್. ಹಾಲು ಬೇಡ ಎಂದೂ ಕೆಳಗೆ ಬರೆದಿತ್ತು.

"ನಿನ್ನ ಪುಸ್ತಕದಾಗ ಏನೈತಿ?"

"ಎಂದಿನಂತೆ ಅಂತ ಐತಿ. ಮುಂದ ಓದ್ರಿ."

"ಎಂದಿನಂತೆ ಅಂದ್ರ?"

"ಎಂದಿನಂಗ."

ನಾನು ಪುಟ ತಿರುವಿದೆ. ಎರಡು ವರ್ಷದ ಪ್ರತಿ ಪ್ರಯೋಗದಲ್ಲೂ ಆ ಜಾಗದಲ್ಲಿ ಅದೇ ಪದ. ಮಾರ್ಗದರ್ಶಕರು ಪುಸ್ತಕ ನೋಡಿ ಸಹಿ ಮಾಡಿದ್ದರು. ಅವರ ಪಾಲಿಗೆ ಎಂದಿನಂತೆ ಎಂದರೆ ಕಾಗದದಲ್ಲಿ ಇದ್ದಂತೆ. ನಮ್ಮ ಡೆಸ್ಕಿನಲ್ಲಿ ಯಾರಾದರೂ ಹಾಗೆ ಬರೆದರೆ ಮುಖ್ಯ ಉಪಸಂಪಾದಕರು ಆ ಹಾಳೆಯನ್ನು ಎತ್ತಿ ಅವರ ಮೇಜಿಗೇ ಎಸೆಯುತ್ತಿದ್ದರು. ನಾನು ಕಾಗದ ಕೆಳಗಿಟ್ಟು ಕಾದೆ.

"ಹಾಲಿನ ಪುಡಿ," ಎಂದಳು ಕೊನೆಗೆ. "ಕೆನಿ ತೆಗೆದ ಹಾಲಿನ ಪುಡಿ. ಹೆಚ್ಚಿನವರು ಅದನ್ನ ಹಾಕ್ತಾರ. ಬ್ಯಾರೆ ಪ್ರತಿಕಾಯಕ್ಕ ಅದು ಚಲೋನ ನಡಿತೈತಿ."

"ಇದಕ್ಕ ಬ್ಯಾಡ ಅಂತ ಬರದಾರಲ್ಲ. ನೀ ಓದಿರಲಿಲ್ಲೇನು?"

"ಓದಿದ್ದೆ."

ಕಾರಣ ಆಗ ಹೇಳಿದಳು. ರಜೆ ಮಂಜೂರಾದ ವರ್ಷ ಊರ ಬಸದಿಯಲ್ಲಿ ಮುನಿ ಮಹಾರಾಜರೊಬ್ಬರು ಚಾತುರ್ಮಾಸಕ್ಕೆ ನಿಂತಿದ್ದರು. ಮಳೆಗಾಲದ ಆ ನಾಲ್ಕು ತಿಂಗಳು ಅವರ ಮುಂದೆ ಏನಾದರೊಂದು ನೇಮ ತೆಗೆದುಕೊಳ್ಳುವುದು ಅಲ್ಲಿಯ ವಾಡಿಕೆ. ಯಾರೋ ಹಸಿ ತರಕಾರಿ ಬಿಡುತ್ತಾರೆ, ಯಾರೋ ಒಪ್ಪತ್ತು ಹಿಡಿಯುತ್ತಾರೆ. ಇವಳು, ಕೆಲಸ ಕೈಗೂಡಲಿ ಎಂದು, ಪ್ರಬಂಧ ಮುಗಿಯುವವರೆಗೆ ಕೊಂದು ತೆಗೆದ ಯಾವುದನ್ನೂ ನನ್ನ ಕೈಯಾರೆ ಮುಟ್ಟುವುದಿಲ್ಲ ಎಂದು ನೇಮ ತೆಗೆದುಕೊಂಡಿದ್ದಳು. ಕೋಶ ಬೆಳೆಸುವ ಕೋಣೆ ಬೇರೆಯವರ ಸುಪರ್ದಿಯಲ್ಲಿತ್ತು. ಅಲ್ಲಿ ಏನು ಸುರಿಯುತ್ತಾರೆಂದು ಇವಳು ಕೇಳುತ್ತಿರಲಿಲ್ಲ, ತಯಾರಾದ ತಟ್ಟೆಯನ್ನಷ್ಟೇ ತೆಗೆದುಕೊಳ್ಳುತ್ತಿದ್ದಳು. ಆದರೆ ರಕ್ತದ ಪುಡಿಯ ಡಬ್ಬಿ ತೆರೆದು ತೂಗಬೇಕಾದ್ದು ಇವಳೇ. ಖಾಲಿ ಜಾಗ ತುಂಬಲು ಯಾವ ಪ್ರೋಟೀನಾದರೇನು ಎಂದುಕೊಂಡು ಹಾಲು ಹಾಕಿದಳು. ಪ್ರಯೋಗಾಲಯದಲ್ಲಿ ನಗುತ್ತಾರೆಂದು ಯಾರಿಗೂ ಹೇಳಲಿಲ್ಲ. ನನಗೂ ಹೇಳಿರಲಿಲ್ಲ.

"ಹಾಲಿಗೆ ಏನಾಗೈತಿ?" ಎಂದು ಕೇಳಿದೆ.

"ಹಾಲಿನ ಪ್ರೋಟೀನಿಗೂ ಮೈತುಂಬ ಫಾಸ್ಫೇಟ್ ಇರ್ತಾವು," ಎಂದಳು, ಪುಸ್ತಕ ಮುಚ್ಚುತ್ತ. "ಎಲ್ಲಾ ಕಡಿ ಟೊಪಗಿ ಹಾಕಿದವರನ್ನ ಕುಂದ್ರಿಸಿ, ಪೊಲೀಸ ಎಲ್ಲೆ ಅಂತ ಹುಡುಕಿದಂಗ ಆತು. ಇಷ್ಟ ದಿನ ನನಗ ಇದು ತಿಳದಿಲ್ಲಂತಲ್ರಿ. ತಿಳೀತಿತ್ತು. ಕಾರಣ ಅದ ಇರಾಕಿಲ್ಲ ಅಂತ ಅನ್ಕೊಂಡಿದ್ದೆ."

ಮುಂದಿನ ಎರಡು ವಾರ ಅವಳು ಹಾಲನ್ನೂ ಬಿಟ್ಟು, ಬರೀ ಸಾಬೂನಿನಂಥ ದ್ರಾವಣದಲ್ಲಿ ಪೊರೆ ಅದ್ದಿ ನೋಡಿದಳು. ಫಿಲ್ಮು ಪೂರ್ತಿ ಕಪ್ಪಾಗಿ ಬಂತು. ಆರು ವಾರ ಉಳಿಯಿತು. ಆ ಭಾನುವಾರ ಯಮಕನಮರಡಿಯಲ್ಲಿ ಅವಳು ತಾಯಿಗೆ ಎಲ್ಲ ಹೇಳಿದಳು. ಹೇಳಿ, ತಾನು ಯೋಚಿಸಿಕೊಂಡು ಬಂದ ದಾರಿಯನ್ನೂ ಹೇಳಿದಳು.

"ಬಾಜೂಕ ಕೆಲಸಾ ಮಾಡಾಕಿ ಒಬ್ಬಾಕಿ ಅದಾಳ ಆಯಿ. ಆಕಿ ಆ ಪುಡಿ ತೂಗಿ ಕಲಸಿ ಕೊಡ್ತಾಳ. ನಾ ಕೈ ಹಚ್ಚೂದಿಲ್ಲ."

ಕಾಲೇಜಿನಲ್ಲಿ ಓದುವ ದಿನಗಳಲ್ಲಿ, ಕಪ್ಪೆ ಕೊಯ್ಯುವಾಗ ಇವಳು ಹೀಗೆಯೇ ಪಾರಾಗಿದ್ದಳು. ಗೆಳತಿ ಕತ್ತರಿ ಹಿಡಿಯುತ್ತಿದ್ದಳು, ಇವಳು ಚಿತ್ರ ಬರೆಯುತ್ತಿದ್ದಳು. ಆಯಿ ಆಗ ಸುಮ್ಮನಿದ್ದರು. ಈಗ ಇರಲಿಲ್ಲ.

"ನೀ ಮಾಡಿದ್ರೂ ಅಷ್ಟ, ಇನ್ನೊಬ್ಬರ ಕಡಿಂದ ಮಾಡಿಸಿದ್ರೂ ಅಷ್ಟ. ಬಸದ್ಯಾಗ ಕುಂತ ಅಷ್ಟೂ ಕೇಳಿಲ್ಲೇನ? ಪಾಪ ಆಕಿ ತಲಿಮ್ಯಾಲೆ ಹೊರಿಸಿ ನೀ ಡಾಕ್ಟರ ಆಗಾಕಿ?"

"ಹಂಗಲ್ಲ ಆಯಿ..."

"ಹೆಂಗ ಮತ್ತ?" ಆಯಿ ಕೈಯಲ್ಲಿದ್ದ ಜೋಳದ ಮೊರ ಕೆಳಗಿಟ್ಟರು. ಆಮೇಲೆ ಅವರು ಕೇಳಿದ್ದು ಜಗಳದ ದನಿಯಲ್ಲಿ ಅಲ್ಲ. ತಿಳಿಯದ್ದನ್ನು ತಿಳಿದುಕೊಳ್ಳಲು ಕೇಳುವಂತೆ ಕೇಳಿದರು. "ಆ ಟೊಪಗಿ ಹಿಡಿಯೂದು, ಏನಂದಿ ಅದಕ, ಪ್ರತಿಕಾಯ. ಅದನ್ನ ಎದರಾಗಿಂದ ತಗಿತಾರ?"

ಆಯಿ ನನ್ನ ಕಡೆ ತಿರುಗಿದರು. "ನೀವರ ಹೇಳ್ರಿ. ದಿನಾ ಪೇಪರ್‌ನ್ಯಾಗ ಎಲ್ಲಾರದೂ ಬರಿತೀರಿ."

ಕಾಗದದ ಮೊದಲ ಸಾಲಿನಲ್ಲೇ ಅದು ಇತ್ತು. ನಾನೇ ಗಟ್ಟಿಯಾಗಿ ಓದಿದ್ದೆ. "ಮೊಲದ್ದು, ಆಯಿ," ಎಂದೆ. "ಮೊಲದ ರಕ್ತದಾಗಿಂದ."

"ಅದನ್ನ ಈಕಿ ಕೈಯಾಗ ಹಿಡದಾಳೇನು?"

"ದಿನಾ ಹಿಡದೇನಿ. ಕಡೀಕ ಆ ಮೊಲಾನೂ ಕೊಲ್ತಾರ," ಎಂದಳು ಅವಳು.

"ಹಂಗಾದ್ರ ನೇಮ ಎರಡ ವರ್ಷದ ಹಿಂದನ ಮುರದೈತಿ." ಆಯಿ ಜೋಳದ ಮೊರ ಎತ್ತಿಕೊಂಡು ಎದ್ದರು. "ಮುರದ ನೇಮಾ ಹಿಡ್ಕೊಂಡ ಇಷ್ಟ ದಿನ ಉಪಾಸ ಬಿದ್ದಿ. ಕೆಲಸಾನೂ ಕೆಡಿಸಿಕೊಂಡಿ."

ಅವಳಿಗೆ ಇದು ಗೊತ್ತಿರಲಿಲ್ಲ ಎಂದು ನಾನು ಬರೆಯಲಾರೆ. ಪ್ರಾಣಿಶಾಸ್ತ್ರ ಕಲಿಸುವವಳು. ಪ್ರತಿಕಾಯ ಇಲ್ಲದೆ ಪ್ರಯೋಗವೇ ಇಲ್ಲ, ಹಾಗಾಗಿ ಅದರ ಕಡೆ ನೋಡಿರಲಿಲ್ಲ. ರಕ್ತದ ಪುಡಿಗೆ ಬದಲಿ ಇತ್ತು, ಅಲ್ಲಿ ನೇಮ ಪಾಲಿಸಿದಳು. ನನಗೂ ಗೊತ್ತಿತ್ತು, ನೇಮದ ಮಾತು ಕೇಳಿದ ದಿನವೇ. ಸೋತು ಕೂತವಳಿಗೆ ಅದನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ.

ಸಂಜೆ ಆಯಿ ಒಂದು ನಿರ್ಧಾರ ಹೇಳಿದರು. ಆ ಮಹಾರಾಜರು ನಡೆದುಕೊಂಡು ಎತ್ತಲೋ ಹೋಗಿಯಾಗಿದೆ. ಎಲ್ಲಿ ಸಿಕ್ಕರೂ ಅವರ ಮುಂದೆ ಹೋಗಿ ಹೇಳಬೇಕು, ಅವರು ಕೊಟ್ಟ ಪ್ರಾಯಶ್ಚಿತ್ತ ಮಾಡಬೇಕು. ಅಲ್ಲಿಯವರೆಗೆ ಅಷ್ಟಮಿ, ಚತುರ್ದಶಿಗೆ ಒಪ್ಪತ್ತು. ನಾಳೆ ಹೋಗಿ ನಿನ್ನ ಕೈಯಿಂದಲೇ ತೂಗು, ಹೇಳದೆ ಮುಚ್ಚಿಡಬೇಡ. ಅವಳು ಹೂಂ ಎಂದಳು. ಅತ್ತಳೇ ಎಂದು ಯಾರಾದರೂ ಕೇಳಿದರೆ, ನಾನು ನೋಡಿದಂತೆ ಇಲ್ಲ.

ಮಾರ್ಗದರ್ಶಕರ ಮುಂದೆ ನಡೆದದ್ದನ್ನು ನಾನು ಕಂಡಿಲ್ಲ, ಅವಳು ಹೇಳಿದ್ದು. ಅವರು ನಗಲಿಲ್ಲವಂತೆ. "ಎಷ್ಟ ಫಿಲ್ಮ್ ಹಾಲಿನ್ಯಾಗ ಆಗ್ಯಾವು?" ಎಂದು ಕೇಳಿದರು. ಕಡೆಯ ಎರಡು ವಾರದ್ದು ಬಿಟ್ಟು ಎಲ್ಲವೂ ಎಂದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತಂಗಿ, ಒಂದ ಮಾತ ನನಗ ಹೇಳಿದ್ದರ, ಬ್ಯಾರೆ ವಿಷಯ ಕೊಡತಿದ್ನಲ್ಲ. ಸಹಿ ಮಾಡಿದವ ನಾನು, ನಂದೂ ತಪ್ಪೈತಿ. ಅವು ಒಂದೂ ಪ್ರಬಂಧದಾಗ ಬರಾಂಗಿಲ್ಲ." ಎರಡು ವರ್ಷದ ಫಿಲ್ಮುಗಳನ್ನು ಅವಳೇ ಎರಡು ರಟ್ಟಿನ ಡಬ್ಬಿಗೆ ತುಂಬಿ, ಮೇಲೆ ಕಾರಣ ಬರೆದು, ಕಪಾಟಿನ ಕೆಳಗಿಟ್ಟಳು.

ಹೊಸ ಪ್ರಯೋಗ ಗುರುವಾರ ಮುಗಿಯಿತು. ಅಂದು ನಾನು ಹುಕ್ಕೇರಿಯಲ್ಲಿದ್ದೆ. ಸಂಜೆ ಯಮಕನಮರಡಿಗೆ ಹೋದಾಗ ಅವಳು ಚಪ್ಪಲಿಯನ್ನೂ ಬಿಚ್ಚದೆ ಕಟ್ಟೆಯ ಮೇಲೆ ಕೂತಿದ್ದಳು. ಲಕೋಟೆಯಿಂದ ಫಿಲ್ಮು ತೆಗೆದು ನನಗೆ ಕೊಟ್ಟಳು. ಹಾಳೆ ಗಾಜಿನಂತೆ ತಿಳಿಯಾಗಿತ್ತು. ಮೊದಲ ಮನೆ ಖಾಲಿ. ಮೂರನೆಯದು ಖಾಲಿ. ನಡುವೆ ಒಂದು ಗೆರೆ, ಸಣ್ಣದು, ಅಕ್ಕಿ ಕಾಳನ್ನು ಅಡ್ಡ ಮಲಗಿಸಿದಷ್ಟು. ನಾನು ಮೂರು ಸಲ ನೋಡಿದೆ. ಕೇಳಲು ಏನೂ ಇರಲಿಲ್ಲ.

ಆಯಿ ಒಳಗಿಂದ ಬಂದು ಸೆರಗಿನಿಂದ ಕೈ ಒರೆಸಿಕೊಂಡು ಅದನ್ನು ಹಿಡಿದು ನೋಡಿದರು.

"ಇಷ್ಟನ?"

"ಇಷ್ಟ, ಆಯಿ."

"ಕರ್ರಗರ ಐತಿ," ಎಂದು ಹೇಳಿ ಹಿಂದಕ್ಕೆ ಕೊಟ್ಟರು.

ಇದು ಮೂರು ಸಲ ಹೀಗೆಯೇ ಬರಬೇಕು ಎಂದರು ಮಾರ್ಗದರ್ಶಕರು. ನೋಂದಣಿಯನ್ನು ಮಾತ್ರ ಉಳಿಸಿಕೊಟ್ಟರು. ಎರಡನೆಯದು ರಜೆ ಮುಗಿಯುವ ವಾರದಲ್ಲಿ ಬಂತು. ಮೂರನೆಯದಕ್ಕೆ ಇಟ್ಟ ಕೋಶಗಳು ಬೂಷ್ಟು ಹಿಡಿದು ಹೋದವು, ಅಷ್ಟರಲ್ಲಿ ಕಾಲೇಜು ಶುರುವಾಯಿತು. ಅವಳು ಗೋಕಾಕಕ್ಕೆ ಬಂದು ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಪಾಠ ಮಾಡತೊಡಗಿದಳು. ಮೂರನೆಯ ಗೆರೆ ಸಿಕ್ಕದ್ದು ದಸರೆಯ ರಜೆಯಲ್ಲಿ. ಪ್ರಬಂಧದ ಉಳಿದ ಕೆಲಸಕ್ಕೆ ಇನ್ನೂ ನಾಲ್ಕು ವರ್ಷಗಳ ದಸರೆ, ಬೇಸಿಗೆ ರಜೆಗಳು ಬೇಕಾದವು.

ಆ ಮೂರನೆಯ ಫಿಲ್ಮನ್ನು ಗೋಕಾಕದ ಮನೆಗೆ ತಂದ ಮಧ್ಯಾಹ್ನ ಅವಳು ಲಕೋಟೆಯನ್ನು ಕಪಾಟಿನಲ್ಲಿಟ್ಟು ಮಲಗಿದಳು. ಎದ್ದದ್ದು ಮರುದಿನ ಬೆಳಿಗ್ಗೆ, ಬಸ್ಸಿನ ಸಪ್ಪಳಕ್ಕೆ. ಕೂದಲು ಕಟ್ಟಿಕೊಳ್ಳುತ್ತ, ಸೋಮವಾರ ಎರೆಹುಳದ ಪಾಠವಿದೆ, ಗೋಡೆಗೆ ತೂಗುಹಾಕುವ ಆ ದೊಡ್ಡ ಚಿತ್ರ ಮನೆಯಲ್ಲೇ ಇತ್ತಲ್ಲ, ಎಲ್ಲಿಟ್ಟಿದ್ದೀರಿ ಎಂದು ನನ್ನನ್ನು ಕೇಳಿದಳು.